ಬಿ.ಎಚ್. ರಸ್ತೆಯ ಎರಡು ಅಂಚು

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ಬಿಸಿ ಆವಿ ಬಾಗಿಲು ದಾಟಿ ಬೀದಿಗೆ ಬಂತು, ಅದರ ಬೆನ್ನಿಗೇ ಚಟ್ನಿಯ ಒಗ್ಗರಣೆಗೆ ಬಿದ್ದ ಕರಿಬೇವಿನ ವಾಸನೆ. ಇನ್ನೂ ಬಾಗಿಲು ತೆರೆಯದ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ಪೇಪರ್ ಹುಡುಗರು ಪುರವಣಿಗಳನ್ನು ಒಳಗೆ ಸೇರಿಸುತ್ತಿದ್ದಾರೆ. ಅವರ ಪಕ್ಕದಲ್ಲೇ ಹೂವಿನ ಹೆಂಗಸರು ಒದ್ದೆ ಗೋಣಿತಾಟು ಬಿಚ್ಚಿ, ಸೇವಂತಿಗೆ, ಕನಕಾಂಬರ, ಕಾಕಡವನ್ನು ಬುಟ್ಟಿಗೆ ಹಾಕಿಕೊಂಡು, ಮೊಣಕೈಯಿಂದ ಬೆರಳತುದಿಗೆ ಒಂದು ಮೊಳ, ಎರಡೂ ತೋಳು ಚಾಚಿದರೆ ಒಂದು ಮಾರು ಎಂದು ಅಳೆದು ಸುರುಳಿ ಸುತ್ತುತ್ತಿದ್ದಾರೆ. 'ಅರಸೀಕೆರೆ, ಅರಸೀಕೆರೆ' ಎಂದು ಒಬ್ಬ ಕಂಡಕ್ಟರು ಕೂಗುತ್ತಾನೆ. 'ಶಿವಮೊಗ್ಗ, ಸೀಟಿದೆ ಬನ್ನಿ' ಎಂದು ಇನ್ನೊಬ್ಬ. ಬಂದವರು ಹೊರಟವರೆಲ್ಲ ಒಂದು ಗಳಿಗೆ ಈ ಬೀದಿಯಲ್ಲಿ ನಿಂತೇ ಹೋಗಬೇಕು.

ತುಮಕೂರಿಗೂ ಶಿವಮೊಗ್ಗಕ್ಕೂ ನಡುವಿನ ಊರು ಇದು. ಹೆಸರು ಹೇಳದೆ ಬಿಡುತ್ತೇನೆ, ಏಕೆಂದರೆ ಇಲ್ಲಿ ಕಾಣುವುದು ಈ ದಾರಿಯ ಬೇರೆ ಊರುಗಳಲ್ಲೂ ಕಾಣುತ್ತದೆ. ಗುಬ್ಬಿಗೆ ಹೋಗಿ, ತಿಪಟೂರಿಗೆ ಹೋಗಿ, ಕಡೂರು, ತರೀಕೆರೆ, ಭದ್ರಾವತಿ, ಸಾಗರ ಎಲ್ಲಿಗೇ ಹೋಗಿ, ಪೇಟೆಯ ಮುಖ್ಯ ಬೀದಿಯ ಹೆಸರು ಕೇಳಿದರೆ ಬರುವ ಉತ್ತರ ಒಂದೇ, ಬಿ.ಎಚ್. ರೋಡು. ಬೆಂಗಳೂರು–ಹೊನ್ನಾವರ ರಸ್ತೆ. ಬಯಲುಸೀಮೆಯ ತೆಂಗಿನ ತೋಟಗಳ ನಡುವೆ ಸಾಗಿ, ಮಲೆನಾಡು ಹೊಕ್ಕು, ಘಟ್ಟ ಇಳಿದು ಕಡಲು ಮುಟ್ಟುವ ದಾರಿ. ರಾಷ್ಟ್ರೀಯ ಹೆದ್ದಾರಿ 206 ಎಂಬ ಅಂಕಿ ಇದಕ್ಕಿದ್ದ ಕಾಲದಲ್ಲಿ ತುಮಕೂರಿನಿಂದ ಹೊನ್ನಾವರಕ್ಕೆ ಸುಮಾರು 360 ಕಿ.ಮೀ. ಈಗ ಆ ಅಂಕಿಯೂ ಬದಲಾಗಿದೆ. ಊರಿನವರ ಬಾಯಲ್ಲಿ ಮಾತ್ರ ಬಿ.ಎಚ್. ರೋಡು ಹಾಗೇ ಉಳಿದಿದೆ.

ಹೋಟೆಲು ದಾಟಿ ಸ್ವಲ್ಪ ಮುಂದೆ ಬನ್ನಿ, ದೂಳಿದೆ, ಕರವಸ್ತ್ರ ಮೂಗಿಗೆ ಹಿಡಿದುಕೊಳ್ಳಿ. ಇಲ್ಲಿಂದ ಮುಂದಕ್ಕೆ ಬೀದಿಯ ಎಡಬದಿ ಪೂರ್ತಿ ಕತ್ತರಿಸಿದೆ. ಗೋಡೆಗಳ ಮೇಲೆ ತಿಂಗಳುಗಳ ಹಿಂದೆ ಪುರಸಭೆಯವರು ಟೇಪು ಹಿಡಿದು, ರಸ್ತೆಯ ನಡುವಿನಿಂದ ಅಳೆದು, ಕೆಂಪು ಬಣ್ಣದಲ್ಲಿ ಗೆರೆ ಹಾಕಿದ್ದರು. ಅದನ್ನು ಎಲ್ಲರೂ ಮಾರ್ಕಿಂಗ್ ಎನ್ನುತ್ತಾರೆ. 'ನಿಮ್ದು ಎಷ್ಟು ಹೋಯ್ತು?' ಎಂಬುದು ಈ ಬೀದಿಯಲ್ಲೀಗ ಕುಶಲ ಪ್ರಶ್ನೆ. 'ನಮ್ದು ಎಂಟಡಿ', 'ನಮ್ದು ಜಗುಲಿ ಅಷ್ಟೇ', 'ನಮ್ದು ಏನೂ ಉಳೀಲಿಲ್ಲ ಬಿಡಣ್ಣ.' ಜೆಸಿಬಿ ಬಂದು ಗೆರೆಯವರೆಗೆ ಕೆಡವಿ ಹೋದ ಮೇಲೆ ಮನೆಗಳ ಒಳಗು ಬೀದಿಗೆ ಬಿದ್ದಿದೆ. ನೀಲಿ ಸುಣ್ಣ ಬಳಿದ ಗೋಡೆ, ಅದರಲ್ಲೊಂದು ಎಣ್ಣೆಜಿಡ್ಡಿನ ದೀಪದ ಗೂಡು, ಮಗ್ಗುಲಲ್ಲಿ ಯಾವ ಮಗುವಿನ ಎತ್ತರವನ್ನೋ ವರ್ಷ ವರ್ಷ ಗುರುತಿಸಿದ ಪೆನ್ಸಿಲ್ ಗೀಟುಗಳು, ಮೇಲ್ಗಡೆ ಎಲ್ಲಿಗೂ ಹೋಗದ ಅಟ್ಟದ ಮೆಟ್ಟಿಲು. ಮಣ್ಣಿನ ಗೋಡೆಯ ಮನೆಗಳು ಮೊಳದಗಲ ಗೋಡೆಯ ಒಳಗನ್ನು ತೋರಿಸುತ್ತಿವೆ. ಕೆಮ್ಮಣ್ಣು, ನಡುನಡುವೆ ಕಲ್ಲು. ಮೊನ್ನೆಯ ಮಳೆಗೆ ಅದು ನೆಂದು, ಹೊಸದಾಗಿ ಉತ್ತ ಹೊಲದ ವಾಸನೆ ಕೊಡುತ್ತಿದೆ.

ಒಂದು ಕಿರಾಣಿ ಅಂಗಡಿಯ ಮುಂದೆ ನಿಲ್ಲೋಣ. ಅಂಗಡಿಯ ಮುಂಭಾಗ ಹೋಗಿ, ನೀಲಿ ಟಾರ್ಪಾಲು ಬಂದಿದೆ. ಒಳಗೆ ಗೋಡೆಗೆ ಒರಗಿಸಿಟ್ಟಿರುವ ಮರದ ಹಲಗೆಗಳನ್ನು ನೋಡಿ. ರೋಲಿಂಗ್ ಶಟರು ಬರುವ ಮೊದಲು ಅಂಗಡಿಗೆ ಇದೇ ಬಾಗಿಲು. ಒಂದೊಂದು ಹಲಗೆಯ ಮೇಲೂ ಬಿಳಿ ಬಣ್ಣದಲ್ಲಿ ಅಂಕಿ, 1ರಿಂದ 14. ಬೆಳಿಗ್ಗೆ ಹದಿನಾಲ್ಕರಿಂದ ಕೆಳಗಿಳಿಯುತ್ತ ಒಂದೊಂದೇ ಹಲಗೆ ತೋಡಿನಿಂದ ಎಳೆದು ತೆಗೆಯುವುದು, ರಾತ್ರಿ ಒಂದರಿಂದ ಮೊದಲುಮಾಡಿ ಸೇರಿಸುವುದು. ಹೀಗೆ ಯಜಮಾನರ ತಂದೆ, ಆಮೇಲೆ ಯಜಮಾನರು. ಹೊಸ್ತಿಲ ತೋಡೇ ರಸ್ತೆಗೆ ಹೋದ ಮೇಲೆ ಹಲಗೆ ಸೇರಿಸುವುದು ಎಲ್ಲಿಗೆ? 'ಇಟ್ಕೊಂಡಿದೀನಿ ಸ್ವಾಮಿ, ಮನಸ್ಸಾಗಲಿಲ್ಲ' ಎಂದರು ಅವರು, ಕಡಲೆಬೇಳೆ ಪೊಟ್ಟಣದ ದಾರ ಹಲ್ಲಿನಲ್ಲಿ ಕಚ್ಚಿ ಹರಿಯುತ್ತ. ಅಗಲೀಕರಣ ಬೇಡವೆಂದು ಅವರು ಒಮ್ಮೆಯೂ ಅನ್ನಲಿಲ್ಲ. ಮಧ್ಯಾಹ್ನ ಎರಡು ಲಾರಿ ಎದುರುಬದುರು ಸಿಕ್ಕಿಕೊಂಡರೆ ಆಂಬುಲೆನ್ಸು ನಿಲ್ಲುತ್ತಿದ್ದುದನ್ನು ಇದೇ ಗಲ್ಲಾದಲ್ಲಿ ಕೂತು ನೋಡಿದವರು. 'ರಸ್ತೆ ಆಗ್ಲಿ. ಆದ್ರೆ ನಮ್ಮನ್ನೂ ಒಂದ್ಮಾತು ಕೇಳ್ಬೇಕಾಗಿತ್ತು.'

ಕೇಳಬೇಕು, ಪರಿಹಾರವನ್ನೂ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯಂತೆ, ಕಳೆದುಕೊಂಡ ಆಸ್ತಿಯ ಬೆಲೆಯ ಜೊತೆಗೆ ಅಷ್ಟೇ ಮೊತ್ತವನ್ನು ಸಾಂತ್ವನ ಧನವಾಗಿ ಸೇರಿಸಿ ಕೊಡಬೇಕು. ಆದರೆ ಸ್ವಾಧೀನದ ದಾರಿ ಉದ್ದ, ಖರ್ಚೂ ಹೆಚ್ಚು. ಹಾಗಾಗಿ ಬೇರೆ ದಾರಿಯೊಂದರ ಮಾತೂ ಬರುತ್ತದೆ, ಟಿಡಿಆರ್. ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಹಣವಲ್ಲ, ಹೆಚ್ಚುವರಿಯಾಗಿ ಕಟ್ಟಿಕೊಳ್ಳುವ ಅಥವಾ ಆ ಹಕ್ಕನ್ನು ಮಾರಿಕೊಳ್ಳುವ ಪತ್ರ. ಚದರಡಿಗೆ ಸಾವಿರಾರು ರೂಪಾಯಿಯ ಬೆಂಗಳೂರಿನಲ್ಲಿ ಅದಕ್ಕೆ ಬೆಲೆಯಿದೆ. ಇದ್ದ ಮಹಡಿಗೇ ಬಾಡಿಗೆದಾರ ಸಿಗದ ತಾಲ್ಲೂಕು ಕೇಂದ್ರದಲ್ಲಿ ಆ ಕಾಗದವನ್ನು ಕಿರಾಣಿ ಅಂಗಡಿಯವರು ಯಾರಿಗೆ ಮಾರಬೇಕು? ಚಿಕ್ಕ ಊರಿಗೆ ಟಿಡಿಆರ್ ಪರಿಹಾರವಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ.

ಹೊತ್ತು ಏರಿತು. ಕೆಲಸದವರು ಬಂದರು. ಮೊದಲು ಬರುವುದು ಕಬ್ಬಿಣದ ಸದ್ದು, ಸರಳು ಬಗ್ಗಿಸುವವರ ಠಣ್ ಠಣ್. ಆಮೇಲೆ ಮಿಕ್ಸರಿನ ಗುರುಗುರು. ಬಾಕ್ಸ್ ಚರಂಡಿಯ ಗುಂಡಿಗೆ ಇಳಿದ ಇಬ್ಬರು ತಂತಿ ಬಿಗಿಯುತ್ತಿದ್ದಾರೆ, ಅವರ ಮಾತಿನಲ್ಲಿ ರಾಯಚೂರು ಸೀಮೆಯ ಎಳೆತ. ಗುಂಡಿಯ ಗೋಡೆಯಲ್ಲಿ ಈ ಬೀದಿಯ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಮೇಲೆ ಕರಿ ಡಾಂಬರು, ಅದರ ಕೆಳಗೆ ಇನ್ನೊಂದು ಹಳೆಯ ಡಾಂಬರು, ಕೆಳಗೆ ಜಲ್ಲಿ, ಅದರಡಿ ಕೆಮ್ಮಣ್ಣು, ಕೆಮ್ಮಣ್ಣಿನಲ್ಲಿ ತುಕ್ಕು ಹಿಡಿದ ನಲ್ಲಿ ಪೈಪು. ಹಾರೆ ತಾಗಿ ಆ ಪೈಪು ಒಡೆದು ನೀರು ಚಿಮ್ಮಿತು. ಕ್ಷಣದಲ್ಲಿ ನಾಲ್ಕು ಕೊಡ ಬಂದವು, ಬೈಗುಳವೂ ಬಂತು, ವಾಲ್ವ್‌ಮನ್ನನ್ನು ಹುಡುಕಿಕೊಂಡು ಒಂದು ಮೊಪೆಡ್ ಓಡಿತು. ನೀರಿನ ಪೈಪು, ಒಳಚರಂಡಿ, ಕರೆಂಟಿನ ಕೇಬಲ್ಲು, ಇಂಟರ್ನೆಟ್ಟಿನ ಕೇಬಲ್ಲು, ಇವುಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಮೊದಲು ಗುರುತಿಸಿ, ರಸ್ತೆಯನ್ನು ಒಂದೇ ಸಲ ಅಗೆದು ಮುಚ್ಚಿದರೆ ಅರ್ಧ ಕಷ್ಟ ಕಳೆಯುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ಹೊಸದು ಮಾಡಿದಾಗ ಕೇಬಲ್ಲು ಪೈಪುಗಳನ್ನು ನೆಲದಡಿಯ ಕೊಳವೆಗಳಲ್ಲಿ ಹೀಗೇ ಜೋಡಿಸಿದ್ದರು. ದೊಡ್ಡ ಊರಿಗೇ ಮೀಸಲಾದ ವಿದ್ಯೆಯೇನಲ್ಲ ಅದು.

ಇನ್ನು ಕೆಲಸ ಮುಗಿದ ಕಡೆಗೆ ಹೋಗೋಣ. ನಡುವೆ ಡಿವೈಡರು, ಅದರ ಮೇಲೆ ಸಾಲು ದೀಪದ ಕಂಬ, ಎರಡೂ ಕಡೆ ನುಣುಪಾದ ರಸ್ತೆ. ನೋಡಲು ಚೆನ್ನಾಗಿದೆ, ಅನುಮಾನವಿಲ್ಲ. ಆದರೆ ಅಂಚಿಗೆ ಬನ್ನಿ. ಚರಂಡಿಯ ಮೇಲೆ ಮುಚ್ಚಿದ ಚಪ್ಪಡಿಯೇ ಇಲ್ಲಿ ಫುಟ್‌ಪಾತು. ರಸ್ತೆಯಿಂದ ಒಂದೂವರೆ ಅಡಿ ಎತ್ತರ. ಒಂದು ಅಂಗಡಿಯವರು ಬೈಕು ಹತ್ತಿಸಲು ಇಳಿಜಾರು ಮಾಡಿಕೊಂಡಿದ್ದಾರೆ, ಮುಂದಿನವರು ಎರಡು ಮೆಟ್ಟಿಲು ಕಟ್ಟಿದ್ದಾರೆ, ಅದರಾಚೆ ಟ್ರಾನ್ಸ್‌ಫಾರ್ಮರು, ಅದರಾಚೆ ಚಪ್ಪಡಿಯೇ ಇಲ್ಲದ ಬಾಯಿ. ಬ್ಯಾಂಕಿಗೆ ಪಿಂಚಣಿ ಕೇಳಲು ಬಂದ ಅಜ್ಜಿಯೊಬ್ಬರು ಕೋಲು ಊರಿ ಒಂದು ಸಲ ಹತ್ತಿದರು, ಇಳಿದರು, ಮತ್ತೆ ಹತ್ತಲಾರದೆ ರಸ್ತೆಗೇ ಇಳಿದು ನಡೆದರು. ಹಿಂದಿನಿಂದ ಬಂದ ಟೆಂಪೋ ಹಾರ್ನು ಹೊಡೆಯಿತು. 'ತಡಿಯಪ್ಪ, ಹೋಗ್ತೀನಿ' ಎಂದು ಅಜ್ಜಿ ಅದಕ್ಕೇ ಉತ್ತರ ಕೊಟ್ಟರು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿಯೇ ಬರೆದ ನಿಯಮ ಪುಸ್ತಕವೊಂದಿದೆ, ಐಆರ್‌ಸಿ 103. ಅದರ 2012ರ ಆವೃತ್ತಿಯ ಪ್ರಕಾರ ಫುಟ್‌ಪಾತಿನಲ್ಲಿ ಯಾವ ಅಡ್ಡಿಯೂ ಇಲ್ಲದ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಗಡಿ ಸಾಲಿನ ಎದುರು 2.5 ಮೀಟರ್. ರಸ್ತೆಯಿಂದ ಎತ್ತರ 150 ಮಿ.ಮೀ. ಮೀರಬಾರದು, ಅಂದರೆ ಅರ್ಧ ಅಡಿ. ಅಜ್ಜಿಯ ಮೊಣಕಾಲನ್ನು ನೆನೆದು ಯಾರೋ ಬರೆದಿಟ್ಟ ಅಳತೆ ಅದು. ಕೆಂಪು ಗೆರೆ ಎಳೆಯುವಾಗ ಟೇಪು ಹಿಡಿದು ಅಡಿಯಡಿ ಅಳೆದವರು ಈ ಅಳತೆಯನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯಬೇಕಿತ್ತು. ಜನರ ಮನೆಯಿಂದ ಎಂಟಡಿ ತೆಗೆದುಕೊಂಡು, ಜನರಿಗೆ ನಡೆಯಲು ನಾಲ್ಕಡಿಯನ್ನೂ ಸಮನಾಗಿ ಕೊಡದಿರುವುದು ಅನ್ಯಾಯ.

ಹೂವಿನವರು ಎಲ್ಲಿ ಹೋದರು ಎಂದು ನೀವು ಕೇಳಬಹುದು. ಬೆಳಿಗ್ಗೆ ನೋಡಿದವರು ಕೆಡವದ ಕಡೆಯವರು. ಕೆಲಸ ಮುಗಿದ ಈ ಭಾಗದಲ್ಲಿ ಕೂರುತ್ತಿದ್ದವರನ್ನು ಸಂತೆ ಮೈದಾನದ ಹಿಂದಕ್ಕೆ ಕಳಿಸಿದ್ದಾರೆ. ಅಲ್ಲಿ ನೆರಳಿದೆ, ಗಿರಾಕಿಯಿಲ್ಲ. ಹೂವು ಹುಡುಕಿಕೊಂಡು ಹೋಗಿ ಕೊಳ್ಳುವ ವಸ್ತುವಲ್ಲ. ದೇವಸ್ಥಾನಕ್ಕೆ ಹೊರಟವರು, ಬಸ್ಸಿಗೆ ಹೊರಟವರು ಕಣ್ಣಿಗೆ ಬಿದ್ದರೆ ತಗೊಳ್ಳುತ್ತಾರೆ. ಸಂಜೆ ನಾಲ್ಕಕ್ಕೆ ಉಳಿದ ಹೂವು ಬಾಡಿದರೆ ಅವತ್ತಿನ ಬಂಡವಾಳವೂ ಬಾಡಿದಂತೆ. 'ಅಲ್ಲಿ ಯಾರ್ ಬರ್ತಾರಕ್ಕ, ನೊಣ ಬರ್ತವೆ' ಎಂದು ಅವರಲ್ಲೊಬ್ಬಾಕೆ, ಹೂ ಕಟ್ಟುವ ಬೆರಳು ನಿಲ್ಲಿಸದೆ, ಪರಿಚಯದ ಗಿರಾಕಿಯ ಹತ್ತಿರ ಹೇಳಿಕೊಂಡಳು.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇಂಥವರಿಗಾಗಿಯೇ ಬಂದದ್ದು. ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಬೇರೆಡೆಗೆ ಕಳಿಸಬೇಕಾದರೆ 30 ದಿನ ಮುಂಚೆ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳು ಇರಬೇಕು, ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಪಾಲು ಹೆಂಗಸರು. ಬೀದಿಯ ನಕ್ಷೆ ಬರೆಯುವ ದಿನವೇ ಆ ಸಮಿತಿಯನ್ನು ಕರೆದು ಕೂರಿಸಿದರೆ, ಫುಟ್‌ಪಾತಿನ ಅಂಚಿನಲ್ಲಿ ಬುಟ್ಟಿಯಿಡುವಷ್ಟು ಜಾಗಕ್ಕೂ ಒಂದು ಗೆರೆ ಬೀಳುತ್ತದೆ.

ಮಧ್ಯಾಹ್ನದ ಬಿಸಿಲಿಗೆ ಹೊಸ ಕಾಂಕ್ರೀಟು ಕಾದು ಕಣ್ಣು ಕುಕ್ಕುತ್ತಿದೆ. ಮೊದಲು ಇಲ್ಲಿ ಹೊಂಗೆ ಮರಗಳಿದ್ದವು. ಅವುಗಳಡಿ ಚಪ್ಪಲಿ ಹೊಲಿಯುವವನೂ ಆಟೋದವರೂ ಕೂರುತ್ತಿದ್ದರು, ಚೈತ್ರದಲ್ಲಿ ಎಳೆ ಹಸಿರು ಬಂದು ಆಮೇಲೆ ಹೂವು ನೆಲಕ್ಕೆಲ್ಲ ಉದುರುತ್ತಿತ್ತು. ಈಗ ಒಂದು ಬೊಡ್ಡೆ ಉಳಿದಿದೆ. ಡಿವೈಡರಿನ ಮೇಲೆ ನೆಟ್ಟ ಅಲಂಕಾರದ ಗಿಡ ಯಾರ ತಲೆಗೂ ನೆರಳಾಗದು. ನೆರಳು ಬೇಕಿರುವುದು ನಡೆಯುವವರಿಗೆ, ಅಂಚಿನಲ್ಲಿ.

ಈ ಬೀದಿಯನ್ನು ಇಷ್ಟು ಅಗಲ ಮಾಡಿದ್ದು ಯಾರಿಗಾಗಿ ಎಂದು ನಿಂತಲ್ಲೇ ಒಂದು ಗಳಿಗೆ ನೋಡಿ. ಒಂದರ ಹಿಂದೆ ಒಂದು ಲಾರಿ, ಎರಡು ವೇಗದೂತ ಬಸ್ಸು, ಜೋಗಕ್ಕೆ ಹೊರಟ ಕಾರುಗಳ ಸಾಲು. ಇವರಲ್ಲಿ ಇಲ್ಲಿ ಇಳಿಯುವವರು ಕಡಿಮೆ. ಇವರಿಗಾಗಿ ಬೇರೆ ದಾರಿ ಸಿದ್ಧವಾಗುತ್ತಿದೆ. ತುಮಕೂರು–ಶಿವಮೊಗ್ಗ ಚತುಷ್ಪಥ ಹೆದ್ದಾರಿ ಹಲವು ಊರುಗಳ ಒಳಗೆ ಬಾರದೆ, ಬೈಪಾಸಿನಲ್ಲಿ ಹೊರಗಿನಿಂದಲೇ ಬಳಸಿ ಹೋಗುವಂತೆ ರೂಪುಗೊಂಡಿದೆ. ದೂರದ ಲಾರಿ ಹೊರಗೆ ಹೋದ ಮೇಲೆ ಊರೊಳಗಿನ ಬಿ.ಎಚ್. ರಸ್ತೆ ಹೆದ್ದಾರಿಯಾಗಿ ಉಳಿಯುವುದಿಲ್ಲ, ಪೇಟೆ ಬೀದಿಯಾಗುತ್ತದೆ. ಆಗ ಇಲ್ಲಿ ಓಡಾಡುವವರು ಕೊಬ್ಬರಿ ಮಾರಿ ಬಂದ ರೈತ, ಕಾಲೇಜು ಬಿಟ್ಟ ಹುಡುಗಿಯರು, ಮದುವೆಗೆ ಸೀರೆ ಕೊಳ್ಳಲು ಹಳ್ಳಿಯಿಂದ ಬಂದ ಮನೆಮಂದಿ. ಅವರಿಗೆ ಬೇಕಾದದ್ದು ವೇಗವಲ್ಲ, ನಿಲ್ಲಲು ಜಾಗ.

ಹಾಗಾಗಿ ವ್ಯಾಪಾರಿಗಳು ಎಂಟಡಿ ಬಿಟ್ಟುಕೊಟ್ಟದ್ದು ವ್ಯರ್ಥವಾಗಬೇಕಿಲ್ಲ. ಒಂದು ವಾಹನದ ಸಾಲಿಗೆ ಮೂರೂವರೆ ಮೀಟರ್ ಸಾಕು. ಎರಡು ಕಡೆಗೂ ಒಂದೊಂದು ಸಾಲು, ಬಸ್ಸು ಬದಿಗೆ ಸರಿದು ನಿಲ್ಲಲು ಅಲ್ಲಲ್ಲಿ ಎಡೆ, ಬೈಕು ನಿಲ್ಲಿಸಲು ಗುರುತು ಮಾಡಿದ ಜಾಗ. ಉಳಿದ ಅಗಲವೆಲ್ಲ ಅಂಚಿಗೆ ಸೇರಲಿ. ಸಮತಟ್ಟಾದ, ಅರ್ಧ ಅಡಿ ಎತ್ತರದ ಫುಟ್‌ಪಾತಿಗೆ, ಹೊಂಗೆ ಬೇವಿನ ಗುಂಡಿಗೆ, ಹೂವಿನ ಬುಟ್ಟಿಗೆ, ಅಜ್ಜಿ ಒಂದು ಕ್ಷಣ ಕೂರುವ ಕಲ್ಲುಬೆಂಚಿಗೆ. ಸಿಕ್ಕಿಂನ ಗ್ಯಾಂಗ್ಟಕ್ಕಿನವರು ತಮ್ಮ ಎಂ.ಜಿ. ಮಾರ್ಗದಲ್ಲಿ ವಾಹನವನ್ನೇ ಬಿಡುವುದಿಲ್ಲ, ಅಂಗಡಿಗಳ ನಡುವೆ ಬೆಂಚು ಹೂಕುಂಡ ಇಟ್ಟಿದ್ದಾರೆ. ಹಳ್ಳಿ ಬಸ್ಸು ಬರಲೇಬೇಕಾದ ನಮ್ಮ ಪೇಟೆಗೆ ಅಷ್ಟು ಬೇಡ. ಇಷ್ಟಾದರೂ ಬೇಕು.

ಸಂಜೆಯಾಯಿತು, ಬೋಂಡದ ಬಾಣಲೆ ಕಾಯುತ್ತಿದೆ, ಮಿಕ್ಸರು ನಿಂತಿದೆ. ಕೆಲಸ ಇನ್ನೂ ಅರ್ಧ ಬಾಕಿಯಿದೆ ಎಂಬುದೇ ಸಮಾಧಾನ, ಬಲಬದಿಯ ಗೆರೆಗಳ ಮೇಲಿನ್ನೂ ಜೆಸಿಬಿ ಬಂದಿಲ್ಲ. ನಿಮ್ಮ ಊರಿನ ಮುಖ್ಯ ಬೀದಿಗೂ ಇಂಥದೊಂದು ಯೋಜನೆ ಬಂದಿದ್ದರೆ ಈ ವಾರವೇ ಪುರಸಭೆಗೆ ಹೋಗಿ, ನಕ್ಷೆ ತೋರಿಸಿ ಎಂದು ಕೇಳಿ. ರಸ್ತೆಯ ಅಗಲ ಎಷ್ಟು ಎಂದು ಕೇಳುವ ಮೊದಲು ಫುಟ್‌ಪಾತಿನ ಅಗಲ ಎಷ್ಟು, ಎತ್ತರ ಎಷ್ಟು, ವ್ಯಾಪಾರ ಸಮಿತಿಯ ಸಭೆ ಯಾವಾಗ ನಡೆಯಿತು ಎಂದು ಕೇಳಿ. ಒಬ್ಬರೇ ಹೋಗಬೇಡಿ, ಹೂವಿನವರನ್ನೂ ಕರೆದುಕೊಂಡು ಹೋಗಿ.