ಕ್ರಿಸ್‌ಮಸ್ಸಿನ ಮರುಭಾನುವಾರ: ಸಭಾವರ್ಷದ ಕಾಲಗಳೂ ಪ್ರಸಂಗಿಯ ಹೊಣೆಯೂ

ಕ್ರಿಸ್‌ಮಸ್ ಕಳೆದು ಬರುವ ಮೊದಲ ಭಾನುವಾರ ಪ್ರಸಂಗಪೀಠವನ್ನು ಏರುವವರ ಕೆಲಸ ಸುಲಭವಾದುದಲ್ಲ. ದೇವಾಲಯದಲ್ಲಿ ಗೋದಲಿಯನ್ನು ಇನ್ನೂ ತೆಗೆದಿರುವುದಿಲ್ಲ. ನಕ್ಷತ್ರದೀಪ ಇನ್ನೂ ಬೆಳಗುತ್ತಿರುತ್ತದೆ. ಸಭೆಯು ಹಬ್ಬದ ಹರ್ಷದಲ್ಲೇ ಇರುತ್ತದೆ. ಆದರೆ ಅನೇಕ ಪ್ರಾಟೆಸ್ಟೆಂಟ್ ಸಭೆಗಳು ಅನುಸರಿಸುವ ಪರಿಷ್ಕೃತ ಸಾಮಾನ್ಯ ವಾಚನಪಟ್ಟಿಯು ಮತ್ತಾಯನ ಸುವಾರ್ತೆಯನ್ನು ಓದುವ ವರ್ಷದಲ್ಲಿ ಆ ದಿನಕ್ಕೆ ನೇಮಿಸಿರುವ ಪಾಠ ಮತ್ತಾಯ 2:13-23. ಐಗುಪ್ತಕ್ಕೆ ಪಲಾಯನ, ಹೆರೋದನ ಕೋಪ, ಬೇತ್ಲೆಹೇಮಿನ ಕೂಸುಗಳ ಕೊಲೆ, ಸಮಾಧಾನ ಹೊಂದಲೊಲ್ಲದ ರಾಹೇಲಳ ಗೋಳಾಟ ಇವೆಲ್ಲವೂ ಅದರಲ್ಲಿವೆ. ಈ ಪಾಠವನ್ನು ಬಿಟ್ಟು ಹಬ್ಬಕ್ಕೆ ಒಪ್ಪುವ ಬೇರೊಂದನ್ನು ಆರಿಸಿಕೊಳ್ಳಬಾರದೇ ಎಂಬ ಆಲೋಚನೆ ಯಾವ ಪ್ರಸಂಗಿಗೂ ಬಾರದಿರದು.

ಈ ಆಲೋಚನೆಯ ಹಿಂದೆ ಒಂದು ಹಳೆಯ ಪ್ರಶ್ನೆಯಿದೆ. ಸಭಾವರ್ಷದ ಕಾಲವು ವೇದಭಾಗದ ಅರ್ಥವನ್ನು ನಿರ್ಣಯಿಸಬೇಕೋ, ಅಥವಾ ವೇದಭಾಗವು ಆ ಕಾಲದ ಅರ್ಥವನ್ನು ನಮಗೆ ಕಲಿಸಬೇಕೋ?

ವೇದವನ್ನು ಸಭೆಯಲ್ಲಿ ಓದುವುದಕ್ಕೆ ಆದಿಯಿಂದಲೂ ಎರಡು ಕ್ರಮಗಳಿವೆ. ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬಿಡದೆ ಓದುವುದು ಒಂದು ಕ್ರಮ. ಹಬ್ಬಕ್ಕೂ ಕಾಲಕ್ಕೂ ತಕ್ಕ ಭಾಗವನ್ನು ಆರಿಸಿ ಓದುವುದು ಇನ್ನೊಂದು. ಹಿಪ್ಪೊ ಪಟ್ಟಣದ ಬಿಷಪರಾದ ಅಗಸ್ಟೀನರು 5ನೆಯ ಶತಮಾನದ ಆರಂಭದಲ್ಲಿ ಯೋಹಾನನ ಸುವಾರ್ತೆಯನ್ನು ಕ್ರಮವಾಗಿ ವಿವರಿಸುತ್ತಿದ್ದಾಗ ಈಸ್ಟರ್ ವಾರ ಬಂದಿತು. ಆ ವಾರದಲ್ಲಿ ಪ್ರತಿವರ್ಷವೂ ಓದಲೇಬೇಕಾದ ನಿಗದಿತ ಪಾಠಗಳಿದ್ದವು. ಅವರು ತಮ್ಮ ಕ್ರಮವನ್ನು ತಡೆದು, ಆ ದಿನಗಳ ಹರ್ಷಕ್ಕೆ ಹೊಂದುವ ಯೋಹಾನನ ಮೊದಲನೆಯ ಪತ್ರಿಕೆಯನ್ನು ಎತ್ತಿಕೊಂಡರು. ಹೀಗೆ ಎರಡು ಕ್ರಮಗಳೂ ಒಬ್ಬರೇ ಪ್ರಸಂಗಿಯ ಸೇವೆಯಲ್ಲಿ ಕೂಡಿದ್ದವು.

ಸುಧಾರಣೆಯ ಕಾಲದಲ್ಲಿ ಅವು ಬೇರೆಯಾದವು. 1519ರ ಜನವರಿಯಲ್ಲಿ ಜ್ಯೂರಿಕ್ ನಗರದಲ್ಲಿ ಸ್ವಿಂಗ್ಲಿ ನೇಮಕವಾದ ಪಾಠಗಳನ್ನು ಬಿಟ್ಟು ಮತ್ತಾಯನ ಸುವಾರ್ತೆಯನ್ನು ಮೊದಲಿನಿಂದ ಬೋಧಿಸತೊಡಗಿದರು. ಲೂಥರ್ ಹಬ್ಬಗಳ ಪಾಠಕ್ರಮವನ್ನು ಉಳಿಸಿಕೊಂಡು, ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ ಅವುಗಳ ಮೇಲೆಯೇ ಮಾದರಿ ಪ್ರಸಂಗಗಳನ್ನು ಬರೆದರು. 1538ರಲ್ಲಿ ಜಿನೀವದಿಂದ ಹೊರಹಾಕಲ್ಪಟ್ಟ ಕ್ಯಾಲ್ವಿನ್ 1541ರಲ್ಲಿ ಹಿಂದಿರುಗಿದಾಗ, ತಾವು ನಿಲ್ಲಿಸಿದ್ದ ವೇದಭಾಗದಿಂದಲೇ ವಿವರಣೆಯನ್ನು ಮುಂದುವರಿಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಲೂಥರನ್ ಹಾಗೂ ರಿಫಾರ್ಮ್ಡ್ ಪರಂಪರೆಗಳೆರಡರಲ್ಲೂ ಬೇರೂರಿದ್ದುದರಿಂದ ಈ ಪ್ರಶ್ನೆ ಕನ್ನಡನಾಡಿನ ಸಭೆಗಳಿಗೂ ಪರಕೀಯವಲ್ಲ.

ಇಂದಿನ ವಾಚನಪಟ್ಟಿಗಳು ಈ ಎರಡನ್ನೂ ಮತ್ತೆ ಜೋಡಿಸುವ ಯತ್ನಗಳು. ವೇದದ ಭಂಡಾರವನ್ನು ವಿಶ್ವಾಸಿಗಳಿಗೆ ಇನ್ನೂ ಧಾರಾಳವಾಗಿ ತೆರೆಯಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ವಿಧಿಸಿತು. ಅದರ ಫಲವಾಗಿ 1969ರಲ್ಲಿ ಮೂರು ವರ್ಷಗಳ ಕ್ಯಾಥೊಲಿಕ್ ಪಾಠಕ್ರಮ ಹೊರಬಂದಿತು. ಅದನ್ನು ಆಧರಿಸಿ 1983ರಲ್ಲಿ ಸಾಮಾನ್ಯ ವಾಚನಪಟ್ಟಿಯೂ 1992ರಲ್ಲಿ ಅದರ ಪರಿಷ್ಕೃತ ರೂಪವೂ ಸಿದ್ಧವಾದವು. ಮೂರು ವರ್ಷಗಳಲ್ಲಿ ಕ್ರಮವಾಗಿ ಮತ್ತಾಯ, ಮಾರ್ಕ, ಲೂಕ ಸುವಾರ್ತೆಗಳನ್ನು ಓದುತ್ತೇವೆ. ಯೋಹಾನನ ಸುವಾರ್ತೆಯು ಮುಖ್ಯವಾಗಿ ಹಬ್ಬದ ಕಾಲಗಳಲ್ಲಿ ಬರುತ್ತದೆ. ಪಂಚಾಶತ್ತಮದ ನಂತರದ ದೀರ್ಘಕಾಲದಲ್ಲಿ ಸುವಾರ್ತೆಯು ಬಹುಮಟ್ಟಿಗೆ ಕ್ರಮವಾಗಿ ಸಾಗುತ್ತದೆ.

ಈ ಪಟ್ಟಿಗಳಿಂದ ದೊರೆತ ಲಾಭ ದೊಡ್ಡದು. ಪ್ರಸಂಗಿಯು ತನಗೆ ಪ್ರಿಯವಾದ ಹತ್ತು ಹನ್ನೆರಡು ವಾಕ್ಯಗಳ ಸುತ್ತಲೇ ಸುತ್ತುವುದನ್ನು ಇವು ತಪ್ಪಿಸುತ್ತವೆ. ಆದರೂ ಪಟ್ಟಿಯೇ ವೇದವಲ್ಲ. ಆರಿಸುವಾಗ ಕೆಲವು ವಚನಗಳನ್ನು ಕೈಬಿಡಬೇಕಾಗುತ್ತದೆ. ಯಾವುದನ್ನು ಕೈಬಿಡಲಾಗಿದೆ ಎಂಬುದನ್ನು ಗಮನಿಸುವುದು ಪ್ರಸಂಗಿಯ ಹೊಣೆ.

ನಮ್ಮ ಪಾಠವನ್ನೇ ನೋಡೋಣ. ಕ್ಯಾಥೊಲಿಕ್ ಕ್ರಮದಲ್ಲಿ ಕ್ರಿಸ್‌ಮಸ್ಸಿನ ನಂತರದ ಭಾನುವಾರ ಸಾಮಾನ್ಯವಾಗಿ ಪವಿತ್ರ ಕುಟುಂಬದ ಹಬ್ಬ. ಮತ್ತಾಯನ ವರ್ಷದಲ್ಲಿ ಅಂದು ಓದುವುದು 2:13-15 ಮತ್ತು 19-23. ಕೂಸುಗಳ ಕೊಲೆಯ ಮೂರು ವಚನಗಳು ಅಲ್ಲಿಲ್ಲ. ಅವನ್ನು ಓದುವುದು ಹತರಾದ ಕಂದಮ್ಮಗಳ ಸ್ಮರಣೆಯ ದಿನವಾದ ಡಿಸೆಂಬರ್ 28ರಂದು. ಅದು ಬಹುಪಾಲು ವರ್ಷಗಳಲ್ಲಿ ವಾರದ ದಿನವಾಗಿರುವುದರಿಂದ ಸಭೆಯ ಹೆಚ್ಚಿನವರ ಕಿವಿಗೆ ಅವು ಬೀಳುವುದಿಲ್ಲ. ಪರಿಷ್ಕೃತ ವಾಚನಪಟ್ಟಿಯು ಆ ವಚನಗಳನ್ನು ಭಾನುವಾರದಲ್ಲೇ ಉಳಿಸಿಕೊಂಡಿದೆ. ಆದರೆ ಅದರಲ್ಲಿಯೂ ಕ್ರಿಸ್‌ಮಸ್ಸಿನ ನಂತರದ ಎರಡನೆಯ ಭಾನುವಾರದ ಹಳೆಯ ಒಡಂಬಡಿಕೆಯ ಪಾಠ ಯೆರೆಮೀಯ 31:7-14. ಶೋಕವು ಹರ್ಷವಾಗಿ ಮಾರ್ಪಡುವುದೆಂಬ ವಾಗ್ದಾನದ ಭಾಗ ಅದು. ಮುಂದಿನ ವಚನವೇ ರಾಮದಲ್ಲಿ ಕೇಳಿಬಂದ ರಾಹೇಲಳ ಅಳುವಿಕೆ. ಪಾಠವು ಅದಕ್ಕೆ ಒಂದು ವಚನ ಮೊದಲೇ ನಿಂತುಬಿಡುತ್ತದೆ.

ಪಟ್ಟಿಯನ್ನು ಮಾಡಿದವರಿಗೆ ಅವರವರ ಕಾರಣಗಳಿದ್ದವು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಸಭೆಯ ಹಿಂದಿನ ಸಾಲಿನಲ್ಲಿ ಆ ವರ್ಷವೇ ಮಗುವನ್ನು ಕಳೆದುಕೊಂಡ ತಾಯಿ ಕುಳಿತಿದ್ದರೆ, ಆಕೆಗೆ ನಮ್ಮ ಆರಾಧನೆಯು ಏನು ಹೇಳುತ್ತದೆ? ಹಬ್ಬಕ್ಕೆ ಆಕೆಯ ಕಣ್ಣೀರು ಒಪ್ಪುವುದಿಲ್ಲ ಎಂದೇ? ಮತ್ತಾಯನು ಹಾಗೆ ಹೇಳಲಿಲ್ಲ. ಆಕೆಯ ಅಳುವನ್ನು ಅವನು ಕ್ರಿಸ್ತನ ಜನನದ ವೃತ್ತಾಂತದೊಳಗೇ ಇರಿಸಿದನು.

ಇಲ್ಲಿ ಮೂಲಭಾಷೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮತ್ತಾಯನು 1:22ರಲ್ಲಿಯೂ 2:15ರಲ್ಲಿಯೂ ಪ್ರವಾದನೆಯು ‘ನೆರವೇರುವಂತೆ’ ಹೀಗಾಯಿತು ಎನ್ನಲು ಉದ್ದೇಶವನ್ನು ಸೂಚಿಸುವ ‘ಹಿನಾ’ ಎಂಬ ಗ್ರೀಕ್ ಪದವನ್ನು ಬಳಸುತ್ತಾನೆ. ಕೂಸುಗಳ ಕೊಲೆಯನ್ನು ಹೇಳುವ 2:17ರಲ್ಲಿ ಮಾತ್ರ ಆ ಪದವನ್ನು ಬಿಟ್ಟು ‘ತೊತೆ’, ಅಂದರೆ ‘ಆಗ’ ನೆರವೇರಿತು, ಎಂದಷ್ಟೇ ಬರೆಯುತ್ತಾನೆ. ಯೂದನ ದ್ರೋಹದ ಹಣವನ್ನು ಕುರಿತ 27:9ರಲ್ಲಿಯೂ ಇದೇ ‘ತೊತೆ’ ಬರುತ್ತದೆ. ಹೆರೋದನ ಕ್ರೌರ್ಯವನ್ನು ದೇವರ ಸಂಕಲ್ಪವೆಂದು ಹೇಳಲು ಸುವಾರ್ತಿಕನ ಲೇಖನಿ ಒಪ್ಪಲಿಲ್ಲ ಎಂದು ಅನೇಕ ವ್ಯಾಖ್ಯಾನಕಾರರು ಇದನ್ನು ಗ್ರಹಿಸಿದ್ದಾರೆ. ಸಾವಿನ ಮನೆಯಲ್ಲಿ ‘ಇದು ದೇವರ ಚಿತ್ತ’ ಎಂದು ಅವಸರದಿಂದ ಹೇಳಿಬಿಡುವ ನಮಗೆ ಈ ಒಂದು ಪದದ ಎಚ್ಚರಿಕೆ ಸಾಕು.

ಇನ್ನು ರಾಮವೆಂಬ ಊರು. ಬಾಬೆಲಿಗೆ ಸೆರೆಯಾಗಿ ಹೋಗಬೇಕಾದವರ ನಡುವೆ ಯೆರೆಮೀಯನೂ ಬೇಡಿಗಳೊಂದಿಗೆ ಇದ್ದದ್ದು ಅಲ್ಲಿಯೇ ಎಂದು ಯೆರೆಮೀಯ 40:1 ತಿಳಿಸುತ್ತದೆ. ಆದುದರಿಂದ ರಾಹೇಲಳ ಅಳುವಿಕೆಯನ್ನು ಬರೆದವನು ಆ ದುಃಖವನ್ನು ದೂರದಿಂದ ಕಂಡವನಲ್ಲ. ಅದೇ ಅಧ್ಯಾಯದ 16 ಮತ್ತು 17ನೆಯ ವಚನಗಳಲ್ಲಿ ಮಕ್ಕಳು ತಿರುಗಿ ಬರುವರೆಂಬ ನಿರೀಕ್ಷೆಯ ಮಾತು ಬರುತ್ತದೆ. ಮತ್ತಾಯನು ಆ ಮಾತನ್ನು ಉದ್ಧರಿಸುವುದಿಲ್ಲ. ಅಳುವಿಗೆ ಅದರ ಸಮಯವನ್ನು ಕೊಟ್ಟು, ಉತ್ತರವನ್ನು ತನ್ನ ಸುವಾರ್ತೆಯ ಕೊನೆಯ ಅಧ್ಯಾಯಕ್ಕೆ, ಬರಿದಾದ ಸಮಾಧಿಗೆ, ಬಿಟ್ಟುಕೊಡುತ್ತಾನೆ.

ಹಾಗಾದರೆ ಕ್ರಿಸ್‌ಮಸ್ ಕಾಲಕ್ಕೆ ಇಲ್ಲಿ ಸ್ಥಾನವಿಲ್ಲವೇ? ಇದೆ. ಇದೇ ಭಾಗವನ್ನು ಬೇರೆ ಕಾಲದಲ್ಲಿ ಓದಿದರೆ ಅದು ಒಬ್ಬ ದುಷ್ಟ ಅರಸನ ಕಥೆಯಾಗಿ ಉಳಿದೀತು. ವಾಕ್ಯವು ಮನುಷ್ಯನಾಯಿತೆಂದು ಸಾರಿದ ವಾರದಲ್ಲಿಯೇ ಓದುವಾಗ, ಅವನು ಎಂಥ ಲೋಕದಲ್ಲಿ ಮನುಷ್ಯನಾದನು ಎಂಬುದು ತಿಳಿಯುತ್ತದೆ. ಕಾಲವು ಪ್ರಶ್ನೆಯನ್ನು ಕೇಳುತ್ತದೆ, ಪಾಠವು ಉತ್ತರಿಸುತ್ತದೆ. ಉತ್ತರವನ್ನು ಕಾಲವೇ ಮೊದಲೇ ಬರೆದಿಟ್ಟರೆ ಪಾಠವನ್ನು ಓದುವ ಅಗತ್ಯವೇ ಇರದು.

ಇತರ ಕಾಲಗಳಲ್ಲಿಯೂ ಇದೇ ಮಾತು ಸಲ್ಲುತ್ತದೆ. ಆಗಮನ ಕಾಲದ ಮೊದಲ ಭಾನುವಾರದ ಸುವಾರ್ತೆಯು ಗೋದಲಿಯ ಸುದ್ದಿಯನ್ನೆತ್ತದೆ ಯುಗಾಂತ್ಯವನ್ನು ಕುರಿತು ಎಚ್ಚರಿಸುತ್ತದೆ. ಮಾರ್ಕನ ವರ್ಷದ ಈಸ್ಟರಿನಲ್ಲಿ 16:1-8ನ್ನು ಆರಿಸಿಕೊಂಡರೆ, ಪಾಠವು ಸ್ತ್ರೀಯರ ಭಯದಲ್ಲೂ ಮೌನದಲ್ಲೂ ಮುಗಿಯುತ್ತದೆ. ಅದೇ ದಿನಕ್ಕೆ ಯೋಹಾನ 20ನೆಯ ಅಧ್ಯಾಯವೂ ಪರ್ಯಾಯವಾಗಿದೆ. ಸುಲಭವೆಂಬ ಒಂದೇ ಕಾರಣಕ್ಕೆ ಅದನ್ನು ಆರಿಸುವುದಾದರೆ, ಇನ್ನೂ ಭಯದಲ್ಲೇ ಇರುವ ವಿಶ್ವಾಸಿಗೆ ಈಸ್ಟರಿನ ಬಾಗಿಲನ್ನು ಮುಚ್ಚಿದಂತಾದೀತು.

ಆದಕಾರಣ ಪ್ರಸಂಗವನ್ನು ಸಿದ್ಧಪಡಿಸುವವರು ಮೂರು ಅಭ್ಯಾಸಗಳನ್ನು ರೂಢಿಸಿಕೊಳ್ಳುವುದು ಒಳ್ಳೆಯದು. ಮೊದಲನೆಯದಾಗಿ, ನೇಮಕವಾದ ಪಾಠದ ಹಿಂದಿನ ಮತ್ತು ಮುಂದಿನ ವಚನಗಳನ್ನು ತಪ್ಪದೆ ಓದಬೇಕು. ನಡುವೆ ಬಿಟ್ಟ ವಚನಗಳಿದ್ದರೆ ಅವನ್ನೂ ಓದಬೇಕು. ಎರಡನೆಯದಾಗಿ, ಈ ಕಾಲದಲ್ಲಿ ಸಭೆ ಏನನ್ನು ಕೇಳಲು ಬಯಸುತ್ತದೆ, ಪಾಠ ಏನನ್ನು ಹೇಳುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಇವೆರಡರ ನಡುವಣ ಅಂತರದಲ್ಲೇ ಹಲವೊಮ್ಮೆ ಅಂದಿನ ಪ್ರಸಂಗ ಹುಟ್ಟುತ್ತದೆ. ಮೂರನೆಯದಾಗಿ, ಆ ವಾರ ತಾನು ಭೇಟಿಮಾಡಿದ ಮನೆಗಳನ್ನು ನೆನೆದು ಪಾಠವನ್ನು ಮತ್ತೊಮ್ಮೆ ಓದಬೇಕು.

ಹಾಗೆ ಮಾಡಿದವರು ಕ್ರಿಸ್‌ಮಸ್ಸಿನ ಮರುಭಾನುವಾರ ಆ ಮೂರು ವಚನಗಳನ್ನು ಬಿಡಲಾರರು. ಹಿಂದಿನ ಸಾಲಿನ ಆ ತಾಯಿಯು ಅಂದು ಸಮಾಧಾನವನ್ನು ಹೊಂದದೆ ಮನೆಗೆ ಹೋಗಬಹುದು. ಆದರೆ ತನ್ನ ಅಳುವೂ ಸುವಾರ್ತೆಯಲ್ಲಿ ಬರೆದಿದೆ ಎಂದು ಆಕೆ ಕೇಳಿರುತ್ತಾಳೆ.