ನಡುವಯಸ್ಸಿನ ದಣಿವು

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ರಾತ್ರಿ ಎಲ್ಲರ ಊಟವಾದ ಮೇಲೆ ಅಡುಗೆಮನೆಯ ದೀಪವನ್ನು ಆರಿಸುವ ಗೃಹಿಣಿ ಒಂದು ದಿನ ‘ಏಕೋ ಕೈಕಾಲೇ ಬರುತ್ತಿಲ್ಲ’ ಎಂದಳೆನ್ನೋಣ. ಮನೆಯವರು ಕೊಡುವ ಉತ್ತರಗಳು ನಮಗೆಲ್ಲ ಪರಿಚಿತವಾದುವೇ. ವಯಸ್ಸಾಯಿತಲ್ಲ ಎನ್ನುವವರು ಕೆಲವರು. ಸ್ವಲ್ಪ ವಿಶ್ರಾಂತಿ ತೆಗೆದುಕೋ ಎನ್ನುವವರು ಕೆಲವರು. ಆ ಹೊತ್ತಿನಲ್ಲಿ ಅವಳ ಕೆಲಸವನ್ನು ಯಾರು ಮಾಡಬೇಕೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಮತ್ತೆ ಕೆಲವರು ಅಂಗಡಿಯಿಂದ ಟಾನಿಕ್ಕಿನ ಸೀಸೆಯೊಂದನ್ನು ತಂದಿಟ್ಟು ತಮ್ಮ ಕರ್ತವ್ಯ ಮುಗಿಯಿತೆಂದುಕೊಳ್ಳುವರು. ನಲವತ್ತು ದಾಟಿದ ಹೆಂಗಸಿನ ಆಯಾಸಕ್ಕೆ ಅಳೆದು ತಿಳಿಯಬಹುದಾದ ಕಾರಣವೊಂದು ಇದ್ದೀತೆಂಬ ಯೋಚನೆ ಹೊಳೆಯುವುದು ಎಲ್ಲಕ್ಕಿಂತ ಕೊನೆಗೆ.

ಈ ಉಪೇಕ್ಷೆ ಹೊಸದೇನೂ ಅಲ್ಲ. 1873ರಲ್ಲಿ ಲಂಡನ್ನಿನ ಪ್ರಸಿದ್ಧ ವೈದ್ಯ ವಿಲಿಯಂ ಗಲ್ ತಾನು ಕಂಡ ಐವರು ಹೆಂಗಸರ ವಿಚಾರವನ್ನು ವೈದ್ಯರ ಸಭೆಯೊಂದರ ಮುಂದಿಟ್ಟನು. ಮೊದಲು ಚೆನ್ನಾಗಿಯೇ ಇದ್ದ ಆ ಸ್ತ್ರೀಯರು ಬರಬರುತ್ತ ಜಡವಾಗಿದ್ದರು. ಮುಖ ಊದಿಕೊಂಡಿತ್ತು, ನಾಲಗೆ ದಪ್ಪವಾಗಿ ಮಾತು ತಡವರಿಸುತ್ತಿತ್ತು. ಐದು ವರ್ಷಗಳ ಅನಂತರ, 1878ರಲ್ಲಿ, ವಿಲಿಯಂ ಆರ್ಡ್ ಎಂಬ ಇನ್ನೊಬ್ಬ ವೈದ್ಯನು ಇದಕ್ಕೆ ‘ಮಿಕ್ಸಿಡೀಮ’ ಎಂದು ಹೆಸರಿಟ್ಟನು. ಹೆಸರೇನೋ ದೊರೆಯಿತು, ಕಾರಣ ದೊರೆಯಲಿಲ್ಲ. ಅದು ತಿಳಿದುಬಂದದ್ದು ಅನಿರೀಕ್ಷಿತವಾದ ದಿಕ್ಕಿನಿಂದ. ಸ್ವಿಟ್ಜರ್ಲೆಂಡಿನಲ್ಲಿ ಗಳಗಂಡದ ರೋಗಿಗಳ ಕತ್ತಿನಿಂದ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕುತ್ತಿದ್ದ ಶಸ್ತ್ರವೈದ್ಯರು, ಅವರಲ್ಲಿಯೂ ಇದೇ ಜಡತೆ, ಇದೇ ಊತ ಕಾಣಿಸಿಕೊಳ್ಳುವುದನ್ನು 1880ರ ದಶಕದ ಮೊದಲ ವರ್ಷಗಳಲ್ಲಿ ಗಮನಿಸಿದರು. ಎರಡು ಸ್ಥಿತಿಗಳೂ ಒಂದೇ, ಗ್ರಂಥಿಯ ಕೆಲಸ ನಿಂತದ್ದೇ ಎರಡಕ್ಕೂ ಮೂಲ ಎಂದು ಲಂಡನ್ನಿನ ವೈದ್ಯರ ಸಮಿತಿಯೊಂದು 1888ರಲ್ಲಿ ವರದಿ ಮಾಡಿತು.

ಮುಂದಿನ ಹೆಜ್ಜೆಯನ್ನು ಇಟ್ಟವನು ನ್ಯೂಕ್ಯಾಸಲ್ ನಗರದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯ. 1891ರಲ್ಲಿ ಅವನ ಬಳಿ ಬಂದಿದ್ದ ರೋಗಿಗೆ 46 ವರ್ಷ. ಮನೆಗೆಲಸ ಅವಳಿಗೆ ಬೆಟ್ಟವಾಗಿತ್ತು; ಹೊಸಬರ ಮುಖ ಕಂಡರೆ ಬೇಡವೆನಿಸುತ್ತಿತ್ತು. ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯಿಂದ ಸಾರ ತೆಗೆದು ಅವಳ ಚರ್ಮದಡಿಗೆ ಚುಚ್ಚಿದನು. ಕೆಲವು ತಿಂಗಳಲ್ಲಿಯೇ ಊತ ಇಳಿಯಿತು, ಮಾತು ಚುರುಕಾಯಿತು, ಮನೆಗೆಲಸ ಮೊದಲಿನಂತೆ ಸಾಗತೊಡಗಿತು. ಮರುವರ್ಷವೇ, ಚುಚ್ಚುವ ಅಗತ್ಯವಿಲ್ಲ, ಬಾಯಿಯ ಮೂಲಕ ಕೊಟ್ಟರೂ ಸಾಕೆಂದು ತಿಳಿಯಿತು. ಗ್ರಂಥಿಯನ್ನು ಸ್ವಲ್ಪ ಹುರಿದು, ಹಣ್ಣಿನ ಪಾಕದೊಡನೆ ತಿನ್ನಿಸಿದ ವೈದ್ಯರೂ ಇದ್ದರು. ಮರ್ರೆಯ ಆ ರೋಗಿ ಮತ್ತೆ 28 ವರ್ಷ ಬದುಕಿ 1919ರಲ್ಲಿ ತೀರಿಕೊಂಡಳು. ಅಷ್ಟು ಕಾಲ ಅವಳನ್ನು ನಡೆಸಿದ ಔಷಧಕ್ಕಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದುವೆಂದು ಮರ್ರೆಯೇ ಲೆಕ್ಕವಿಟ್ಟಿದ್ದಾನೆ. ಇಂದು ಅದೇ ಕೆಲಸವನ್ನು ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲದ ಗುಳಿಗೆಯೊಂದು ಮಾಡುತ್ತದೆ. ಅದರಲ್ಲಿರುವ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಅಮೆರಿಕದ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್‌ಮಸ್ ದಿನದಂದು ಶುದ್ಧರೂಪದಲ್ಲಿ ಬೇರ್ಪಡಿಸಿದನು.

ಹಾರ್ಮೋನು ಎಂದರೆ ನಾಳವಿಲ್ಲದ ಗ್ರಂಥಿಯಿಂದ ನೇರವಾಗಿ ರಕ್ತಕ್ಕೆ ಸೇರಿ, ದೂರದ ಅಂಗಗಳಿಗೆ ಆಜ್ಞೆಯನ್ನು ಒಯ್ಯುವ ದ್ರವ್ಯ. ಥೈರಾಯ್ಡ್ ಗ್ರಂಥಿ ಕತ್ತಿನ ಮುಂಭಾಗದಲ್ಲಿದೆ. ತೂಕ ಸುಮಾರು 20 ಗ್ರಾಂ. ಬಚ್ಚಲ ಒಲೆಯ ಉರಿಯನ್ನು ಹೆಚ್ಚು ಕಡಮೆ ಮಾಡುವಂತೆ, ಜೀವಕೋಶಗಳು ಆಹಾರವನ್ನು ದಹಿಸುವ ವೇಗವನ್ನು ಅದರ ರಸ ನಿಯಂತ್ರಿಸುತ್ತದೆ. ಉರಿ ತಗ್ಗಿದರೆ ಏನಾಗಬಹುದೆಂದು ವಾಚಕರು ಊಹಿಸಬಹುದು. ಎಲ್ಲರೂ ಬೀಸಣಿಗೆ ಹುಡುಕುವಾಗ ಇವಳಿಗೆ ಚಳಿ. ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ಮಲಬದ್ಧತೆ ಬರುತ್ತದೆ, ನಾಡಿ ನಿಧಾನವಾಗುತ್ತದೆ, ಮೈ ಭಾರವಾಗುತ್ತದೆ. ಮರೆವೂ ಮಂಕೂ ಜೊತೆಗೂಡುತ್ತವೆ. ಇವು ಒಂದೇ ದಿನದಲ್ಲಿ ಬಂದಿದ್ದರೆ ಮನೆಯವರು ಗಾಬರಿಗೊಂಡು ಆಸ್ಪತ್ರೆಗೆ ಓಡುತ್ತಿದ್ದರು. ಎರಡು ಮೂರು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬರುವುದರಿಂದ ಅವಳ ಸ್ವಭಾವವೇ ಹೀಗೆಂದು ಎಲ್ಲರೂ ಒಪ್ಪಿಬಿಡುತ್ತಾರೆ, ಅವಳೂ ಸೇರಿ.

ಗ್ರಂಥಿ ಕೆಡುವುದಾದರೂ ಏಕೆ? ಅಯೋಡಿನ್ನಿನ ಕೊರತೆ ಹಳೆಯ ಕಾರಣ. ಇನ್ನೊಂದನ್ನು ಜಪಾನಿನ ಹಶಿಮೊಟೊ 1912ರಲ್ಲಿ ವರ್ಣಿಸಿದನು. ಅವನು ಪರೀಕ್ಷಿಸಿದ ನಾಲ್ವರು ರೋಗಿಗಳೂ ಹೆಂಗಸರೇ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಕ ಪಡೆ ತನ್ನ ಗ್ರಂಥಿಯ ಮೇಲೆಯೇ ತಿರುಗಿ ಬೀಳುವುದು ಇಲ್ಲಿಯ ವಿಚಿತ್ರ. ಇದು 1956ರಲ್ಲಿ ಸ್ಪಷ್ಟವಾಯಿತು. ಗಂಡಸರಿಗಿಂತ ಹೆಂಗಸರಲ್ಲಿ ಈ ರೋಗ ಹಲವು ಪಟ್ಟು ಹೆಚ್ಚು, ಮತ್ತು ವಯಸ್ಸಿನೊಡನೆ ಏರುತ್ತ ಹೋಗುತ್ತದೆ.

ಇದನ್ನು ಪತ್ತೆಹಚ್ಚುವ ಉಪಾಯ ಸೊಗಸಾದುದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ತನ್ನದೇ ಹಾರ್ಮೋನನ್ನು ಕಳುಹಿಸಿ ಥೈರಾಯ್ಡನ್ನು ದುಡಿಸುತ್ತದೆ. ಕೂಗಿದರೂ ಓಗೊಡದ ಆಳನ್ನು ಯಜಮಾನನು ಮತ್ತಷ್ಟು ಗಟ್ಟಿಯಾಗಿ ಕೂಗುವಂತೆ, ಥೈರಾಯ್ಡ್ ಸೋತಷ್ಟೂ ಪಿಟ್ಯುಟರಿಯ ಕೂಗು ಏರುತ್ತದೆ. ಆದುದರಿಂದ ರಕ್ತದಲ್ಲಿ ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಬಳಲಿದೆಯೆಂದೇ ಸಾಮಾನ್ಯವಾಗಿ ಅರ್ಥ. ‘ಹಾರ್ಮೋನುಗಳ ಸಮತೋಲ’ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ನಮಗೆ ಆ ಮಾತು ಅಷ್ಟಾಗಿ ಹಿಡಿಸದು. ತಕ್ಕಡಿಯ ಎರಡು ತಟ್ಟೆಗಳನ್ನು ಸರಿದೂಗಿಸುವ ಕೆಲಸ ಇದಲ್ಲ. ಕೂಗು ಮತ್ತು ಓಗೊಡುವಿಕೆ ಎಲ್ಲಿ ಕಡಿದಿದೆಯೆಂದು ಹುಡುಕುವ ಕೆಲಸ. ಎಲ್ಲ ಹಾರ್ಮೋನುಗಳನ್ನೂ ಒಮ್ಮೆಗೇ ಸರಿಪಡಿಸುತ್ತೇವೆನ್ನುವ ಚೂರ್ಣ, ಪಾನಕಗಳು ಯಾವ ಕೂಗನ್ನು ಕೇಳಿಸಿಕೊಂಡಿವೆಯೋ ತಿಳಿಯದು.

ಆದರೆ ದಣಿವೆಲ್ಲವೂ ಥೈರಾಯ್ಡಿನದೇ ಎಂದುಕೊಳ್ಳುವುದೂ ತಪ್ಪು. ಟಿಎಸ್‌ಎಚ್ ತುಸು ಮಾತ್ರ ಏರಿರುವವರು ಅನೇಕರಿದ್ದಾರೆ. ಅವರಲ್ಲಿ ಹಲವರಿಗೆ ಗುಳಿಗೆ ನುಂಗಿದರೂ ಆಯಾಸ ತಗ್ಗುವುದಿಲ್ಲ, ಏಕೆಂದರೆ ಅದರ ಕಾರಣ ಬೇರೆಡೆ ಇದೆ. ಈ ವಯಸ್ಸಿನಲ್ಲಿಯೇ ಮುಟ್ಟು ನಿಲ್ಲುವ ಕಾಲವೂ ಬರುತ್ತದಷ್ಟೆ. ನಮ್ಮ ದೇಶದಲ್ಲಿ ಅದು ಸರಾಸರಿ 46-47ರ ಸುಮಾರಿಗೆ, ಪಾಶ್ಚಾತ್ಯ ದೇಶಗಳಿಗಿಂತ ಕೆಲವು ವರ್ಷ ಮೊದಲೇ ಬರುತ್ತದೆ. ಅದಕ್ಕೆ ಮುನ್ನ ಹಲವು ವರ್ಷ ಅಂಡಾಶಯಗಳ ಕೆಲಸ ಏರುಪೇರಾಗುತ್ತದೆ. ಕೆಲವು ತಿಂಗಳು ಅಂಡ ಹೊರಬೀಳುವುದೇ ಇಲ್ಲ. ಆಗ ಪ್ರೊಜೆಸ್ಟರೋನ್ ಎಂಬ ಹಾರ್ಮೋನು ಹುಟ್ಟದೆ, ಗರ್ಭಕೋಶದ ಒಳಪದರ ಮಿತಿಮೀರಿ ಬೆಳೆದು, ಮುಟ್ಟಿನಲ್ಲಿ ಬಹಳ ರಕ್ತ ಹೋಗುತ್ತದೆ. ರಕ್ತದೊಡನೆ ಕಬ್ಬಿಣವೂ ಹೋಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಮೊದಲೇ ಬರಿದಾದ ಕಣಜದಿಂದ ಮತ್ತೆ ತೆಗೆದರೆ ಉಳಿಯುವುದೇನು?

ಇನ್ನು ಈಸ್ಟ್ರೊಜೆನ್ ಇಳಿದಾಗ ಮಿದುಳಿನಲ್ಲಿ ಮೈಯ ಬಿಸಿಯನ್ನು ಕಾಯುವ ಕೇಂದ್ರ ಅತಿಸೂಕ್ಷ್ಮವಾಗುತ್ತದೆ. ಅತ್ಯಲ್ಪ ಬಿಸಿ ಏರಿದರೂ ಮೈಯೆಲ್ಲ ಕಾದು ಬೆವರಿಳಿಯುತ್ತದೆ. ರಾತ್ರಿ ಮೂರು ನಾಲ್ಕು ಸಲ ಹೀಗಾದರೆ ನಿದ್ದೆ ಚೂರುಚೂರಾಗುತ್ತದೆ. ಎಂಟು ಗಂಟೆ ಮಲಗಿದ್ದೆನೆಂದು ಅವಳು ಹೇಳುವುದು ನಿಜ, ನಿದ್ರಿಸಿದೆನೆಂದಲ್ಲ. ಇಂಥವರಿಗೆ ಈಸ್ಟ್ರೊಜೆನ್ ಚಿಕಿತ್ಸೆ ಉಂಟು. 2002ರಲ್ಲಿ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಸ್ತನದ ಕ್ಯಾನ್ಸರೂ ಹೃದ್ರೋಗವೂ ಹೆಚ್ಚಿದಂತೆ ಕಂಡು, ಲೋಕವೆಲ್ಲ ಅದನ್ನು ಕಂಡರೆ ಹೆದರಿತು. ಆ ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಅಥವಾ ಮುಟ್ಟು ನಿಂತು ಹತ್ತು ವರ್ಷ ತುಂಬದ, ಬೇರೆ ತೊಡಕಿಲ್ಲದ ಹೆಂಗಸರಲ್ಲಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ಮುಂದೆ ತಜ್ಞರು ನಿರ್ಧರಿಸಿದರು. ಸ್ತನದ ಕ್ಯಾನ್ಸರು ಬಂದಿದ್ದವರಿಗೆ, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಸಲ್ಲದು. ವೈದ್ಯರೇ ನಿರ್ಣಯಿಸಬೇಕಾದ ವಿಷಯ.

ಆದುದರಿಂದ ವಾರಗಟ್ಟಲೆ ಬಿಡದ ಆಯಾಸಕ್ಕೆ ಟಾನಿಕ್ಕಿಗಿಂತ ಮೊದಲು ರಕ್ತಪರೀಕ್ಷೆ ಆಗಬೇಕೆಂದು ನಾವು ಹೇಳುತ್ತೇವೆ. ಹೆಮೊಗ್ಲೋಬಿನ್, ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್, ಟಿಎಸ್‌ಎಚ್, ಸಕ್ಕರೆ: ಇಷ್ಟಕ್ಕೆ ತೋಳಿನಿಂದ ಸ್ವಲ್ಪ ರಕ್ತ ಸಾಕು. ಮುಟ್ಟು ಹೇಗಾಗುತ್ತಿದೆ, ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯೇ ಎಂಬುದನ್ನು ನಾಚದೆ ವೈದ್ಯರಿಗೆ ತಿಳಿಸಬೇಕು. ಅವರು ಕೇಳದಿದ್ದರೂ ತಿಳಿಸಬೇಕು.

ಥೈರಾಕ್ಸಿನ್ ಗುಳಿಗೆ ಬರೆದುಕೊಟ್ಟರೆ ನಮ್ಮ ಮನೆಗಳಲ್ಲಿ ಎದುರಾಗುವ ಮೊದಲ ಅಡ್ಡಿ ಬೆಳಗಿನ ಕಾಫಿ. ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಕಾಫಿಯೊಡನೆ ನುಂಗಿದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರದು. ಅರ್ಧ ಗಂಟೆಯಿಂದ ಒಂದು ಗಂಟೆ ಕಾದು ಕುಡಿದರೆ ಅಡ್ಡಿಯಿಲ್ಲ. ಕಬ್ಬಿಣದ, ಕ್ಯಾಲ್ಸಿಯಮ್ಮಿನ ಮಾತ್ರೆಗಳಿದ್ದರೆ ಅವನ್ನು ನಾಲ್ಕು ಗಂಟೆ ದೂರವಿಡಬೇಕು. ಈ ಹಾರ್ಮೋನು ನಿಧಾನವಾಗಿ ಕೆಲಸ ಮಾಡುವುದರಿಂದ ನಾಲ್ಕೇ ದಿನಕ್ಕೆ ಗುಣ ಕಾಣದೆಂದು ಬಿಟ್ಟುಬಿಡಬಾರದು. ಬೇಗ ಗುಣವಾಗಲೆಂದು ಎರಡೆರಡು ನುಂಗಲೂ ಬಾರದು. ಹೆಚ್ಚಾದರೆ ಎದೆಬಡಿತ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆರರಿಂದ ಎಂಟು ವಾರಗಳ ಮೇಲೆ ಮತ್ತೆ ರಕ್ತ ಪರೀಕ್ಷಿಸಿ ವೈದ್ಯರು ಪ್ರಮಾಣವನ್ನು ತಿದ್ದುತ್ತಾರೆ. ಅಲ್ಲಿಯವರೆಗೆ ಬೆಳಗಿನ ಕಾಫಿಯನ್ನು ಮನೆಯ ಬೇರೆ ಯಾರಾದರೂ ಬೆರೆಸಿಕೊಟ್ಟರೆ ಕಾಯುವುದು ಅವಳಿಗೆ ಕಷ್ಟವಾಗಲಾರದು.