ಕೆರೆಯ ಮೇಲೆ ಗಾಡಿ, ಕೆಳಗೆ ಜೀವಂತ ಮೀನು: ಆ ವಿಡಿಯೋ ನಿಜವೇ?

ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಥಂಡಿ ಜೋರಾದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೋ ಮತ್ತೆ ಮತ್ತೆ ಬರುತ್ತದೆ. ಬಿಳಿ ಬಯಲಿನಂಥ ಕೆರೆ. ದಪ್ಪ ಕೋಟು ತೊಟ್ಟವನೊಬ್ಬ ಮಂಜುಗಡ್ಡೆಯಲ್ಲಿ ಗುಂಡಗೆ ತೂತು ಕೊರೆದು, ಗಾಳ ಇಳಿಬಿಟ್ಟು, ಒದ್ದಾಡುವ ಮೀನನ್ನು ಮೇಲೆಳೆಯುತ್ತಾನೆ. ಅವನ ಹಿಂದೆ ಪಿಕಪ್ ಗಾಡಿ ನಿಂತಿರುತ್ತದೆ. ಇದೆಲ್ಲ ಗ್ರಾಫಿಕ್ಸ್ ಎನ್ನುವವರುಂಟು. ಮಂಜುಗಡ್ಡೆ ಕಲ್ಲಿನಷ್ಟು ಗಟ್ಟಿ, ಹೆದರದೆ ಓಡಾಡಬಹುದು ಎನ್ನುವವರೂ ಉಂಟು.

ಮೀನು ಹಿಡಿಯುವುದು ನಿಜ. ಕೆನಡಾ, ಅಮೆರಿಕದ ಉತ್ತರ ಭಾಗ, ಫಿನ್‌ಲ್ಯಾಂಡ್, ರಷ್ಯಾಗಳಲ್ಲಿ ಇದು ಚಳಿಗಾಲದ ಸಾಮಾನ್ಯ ಹವ್ಯಾಸ. ಟೊರಾಂಟೊದ ಉತ್ತರಕ್ಕಿರುವ ಸಿಮ್ಕೊ ಸರೋವರ ಇದಕ್ಕೇ ಹೆಸರುವಾಸಿ. ಎರಡನೆಯ ಮಾತು ಮಾತ್ರ ಅರ್ಧ ಸತ್ಯ, ಅದನ್ನು ಪೂರ್ತಿ ನಂಬಿದರೆ ಜೀವಕ್ಕೇ ಅಪಾಯ.

ಮೊದಲು ನಮ್ಮ ಕಡೆಯ ಮಾತು. ವಿಜಯಪುರ ಜಿಲ್ಲೆಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ತಾಪಮಾನ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಬೆಳಿಗ್ಗೆ ಕೈ ಸೆಟೆಯುತ್ತದೆ. ಆದರೆ ನೀರು ಹೆಪ್ಪುಗಟ್ಟಲು 0 ಡಿಗ್ರಿ ಬೇಕು. ಕೆರೆಯಷ್ಟು ನೀರು ಅಷ್ಟು ತಣಿಯಲು ಒಂದು ರಾತ್ರಿ ಸಾಲದು, ಮೇಲಾಗಿ ನಮ್ಮ ಮಧ್ಯಾಹ್ನದ ಬಿಸಿಲು ಅದನ್ನು ಮತ್ತೆ ಕಾಯಿಸುತ್ತದೆ. ಹಾಗಾಗಿ ಇಂಡಿ ತಾಲ್ಲೂಕಿನ ಕೆರೆಯೋ, ಸಿಂದಗಿ ಕಡೆಯ ಭೀಮಾ ನದಿಯೋ, ಆಲಮಟ್ಟಿ ಹಿನ್ನೀರೋ ಹೆಪ್ಪುಗಟ್ಟಿದೆ ಎಂಬ ಫೋಟೊ ಬಂದರೆ ಅದು ಬೇರೆಲ್ಲಿಯದೋ ಎಂದು ಧೈರ್ಯವಾಗಿ ಹೇಳಿಬಿಡಿ.

ಇನ್ನು, ಮೇಲೆ ಗಡ್ಡೆಯಾದ ಕೆರೆಯಲ್ಲಿ ಮೀನು ಹೇಗೆ ಬದುಕುತ್ತದೆ? ಬಹುತೇಕ ವಸ್ತುಗಳು ತಣಿದಷ್ಟೂ ಕುಗ್ಗಿ ದಟ್ಟವಾಗುತ್ತವೆ. ನೀರೂ 4 ಡಿಗ್ರಿಯವರೆಗೆ ಹಾಗೇ ಮಾಡುತ್ತದೆ, ಆದರೆ ಅದಕ್ಕಿಂತ ತಣ್ಣಗಾದರೆ ಹಿಗ್ಗತೊಡಗುತ್ತದೆ. ಆದ್ದರಿಂದ 4 ಡಿಗ್ರಿಯ ನೀರು ತಳ ಸೇರುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ಉಳಿದು ಅಲ್ಲೇ ಹೆಪ್ಪುಗಟ್ಟುತ್ತದೆ. ಗಡ್ಡೆಯಾಗುವಾಗ ನೀರು ಶೇಕಡಾ 9ರಷ್ಟು ಹಿಗ್ಗುತ್ತದೆ. ಫ್ರೀಜರಿನಲ್ಲಿ ಮರೆತ ತುಂಬಿದ ಬಾಟಲಿ ಒಡೆಯುವುದು ಇದಕ್ಕೇ. ಹಗುರವಾದ ಆ ಗಡ್ಡೆ ತೇಲುತ್ತ ಕೆರೆಗೆ ಕೌದಿ ಹೊದಿಸಿದಂತೆ ಕೆಲಸ ಮಾಡುತ್ತದೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ತಳದಲ್ಲಿ ನೀರು ನೀರಾಗಿಯೇ ಇರುತ್ತದೆ.

ಮೀನು ತಣ್ಣನೆ ರಕ್ತದ ಪ್ರಾಣಿ. ನೀರು ತಣಿದರೆ ಅದರ ಮೈಯೂ ತಣಿಯುತ್ತದೆ, ಹಸಿವು ಕಡಿಮೆಯಾಗುತ್ತದೆ, ಆಮ್ಲಜನಕವೂ ಕಡಿಮೆ ಸಾಕಾಗುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆ ಕೃಷ್ಣೆಯ ಹಿನ್ನೀರಿನಲ್ಲಿ ಗಾಳ ಹಾಕುವವರಿಗೂ ಇದು ಹೊಸದಲ್ಲ: ಥಂಡಿಯ ಬೆಳಗಿನಲ್ಲಿ ರೋಹು, ಕಾಟ್ಲಾ ಸುಲಭಕ್ಕೆ ಕಚ್ಚುವುದಿಲ್ಲ, ಬಿಸಿಲೇರಲು ಕಾಯಬೇಕು. ಮಂಜಿನ ಕೆರೆಯವರ ಕಸುಬೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಕೈಯಲ್ಲಿ ತಿರುಗಿಸುವ ಅಥವಾ ಮೋಟಾರಿನ ಕೊರೆಯುವ ಸಲಕರಣೆಯಿಂದ 6ರಿಂದ 10 ಇಂಚು ಅಗಲದ ತೂತು ಮಾಡುತ್ತಾರೆ. ತೇಲುವ ಚೂರುಗಳನ್ನು ಜಾಲರಿ ಸೌಟಿನಿಂದ ತೆಗೆಯುತ್ತಾರೆ. ಗಿಡ್ಡ ಕೋಲು, ಸಣ್ಣ ಎರೆ. ಮಂದವಾದ ಮೀನು ಎರೆಯ ಹಿಂದೆ ಓಡುವುದಿಲ್ಲವಾದ್ದರಿಂದ ಅದನ್ನು ತಳದ ಹತ್ತಿರ ನಿಧಾನವಾಗಿ ಕುಣಿಸಬೇಕು. ಮೀನು ಕಚ್ಚಿದರೆ ತಾನಾಗಿ ಬಾವುಟ ಏಳುವ ಸಾಧನವೂ ಇದೆ, ಅದನ್ನು ಇಟ್ಟು ದೂರ ಕೂತು ಚಹಾ ಕುಡಿಯಬಹುದು!

ಈಗ ಆ ಗಾಡಿಯ ವಿಷಯ. ವಿಡಿಯೋದಲ್ಲಿ ಗಾಡಿ ಕಾಣುತ್ತದೆ, ಅದರ ಅಡಿಯ ಗಡ್ಡೆಯ ದಪ್ಪ ಕಾಣುವುದಿಲ್ಲ. ಒಬ್ಬ ಮನುಷ್ಯ ನಡೆಯಲು ಹೊಸದಾಗಿ ಕಟ್ಟಿದ, ಪಾರದರ್ಶಕ ಗಡ್ಡೆ ಕನಿಷ್ಠ 4 ಇಂಚು ಇರಬೇಕು ಎನ್ನುವುದು ಅಲ್ಲಿಯ ಸಾಮಾನ್ಯ ಲೆಕ್ಕ. ಕಾರಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಗಡ್ಡೆ ಬೆಳ್ಳಗೆ, ಹಿಮ ಬೆರೆತಂತೆ ಕಂಡರೆ ಅದರ ಬಲ ಸುಮಾರು ಅರ್ಧದಷ್ಟೇ. ಒಂದೇ ಕೆರೆಯಲ್ಲಿ ಇಲ್ಲಿ 8 ಇಂಚು, ಹತ್ತು ಹೆಜ್ಜೆ ಆಚೆ 2 ಇಂಚು ಇರಬಹುದು. ಹಳ್ಳ ಬಂದು ಸೇರುವಲ್ಲಿ, ಸೇತುವೆಯ ಕೆಳಗೆ, ತಳದಲ್ಲಿ ಸೆಲೆ ಇರುವಲ್ಲಿ ಗಡ್ಡೆ ತೆಳು. ಅದಕ್ಕೇ ಬಲ್ಲವರು ಹೋಗುತ್ತ ಹೋಗುತ್ತ ಕೊರೆದು ಅಳೆಯುತ್ತಾರೆ. ಒಂಟಿಯಾಗಿ ಹೋಗುವುದಿಲ್ಲ.

2022ರ ಡಿಸೆಂಬರ್ 26ರಂದು ಅಮೆರಿಕದ ಅರಿಝೋನಾ ರಾಜ್ಯದ ವುಡ್ಸ್ ಕ್ಯಾನ್ಯನ್ ಕೆರೆಯ ಗಡ್ಡೆಯ ಮೇಲೆ ನಡೆಯುತ್ತಿದ್ದ ಭಾರತ ಮೂಲದ ಮೂವರು ಗಡ್ಡೆ ಮುರಿದು ನೀರಿಗೆ ಬಿದ್ದು ತೀರಿಕೊಂಡರು. ಹಿಮ ಕಾಣದ ಊರಿನಿಂದ ಓದಲು, ದುಡಿಯಲು ಹೋದ ನಮ್ಮ ಹುಡುಗರಿಗೆ ಆ ವಿಡಿಯೋ ಕಳಿಸುವುದಾದರೆ ಮುಂದಿನ ನಾಲ್ಕು ಮಾತನ್ನೂ ಜೊತೆಗೆ ಕಳಿಸಿ.

ಕೊರೆಯುವ ನೀರಿಗೆ ಬಿದ್ದ ಮೊದಲ ನಿಮಿಷ ಉಸಿರು ತಾನಾಗಿ ಎಳೆದುಕೊಳ್ಳುತ್ತದೆ, ಆಗ ಬಾಯಿ ನೀರಿನ ಮೇಲಿರಬೇಕು. ಅದು ಅಷ್ಟರಲ್ಲೇ ಶಾಂತವಾಗುತ್ತದೆ. ನಂತರ ಕೈಕಾಲು ಮಾತು ಕೇಳುವುದು ಹತ್ತು ನಿಮಿಷದಷ್ಟು. ಬಂದ ದಿಕ್ಕಿಗೇ ತಿರುಗಿ, ಏಕೆಂದರೆ ಅಲ್ಲಿಯ ಗಡ್ಡೆ ನಿಮ್ಮ ಭಾರ ತಡೆದಿತ್ತು. ಮೊಣಕೈ ಊರಿ, ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಜಾರಿ ಹೊರಬನ್ನಿ. ಮೇಲೆ ಬಂದ ಕೂಡಲೇ ಎದ್ದು ನಿಲ್ಲಬೇಡಿ, ಉರುಳುತ್ತ ದೂರ ಹೋಗಿ. ದಡದಲ್ಲಿದ್ದವರು ಓಡಿ ಹತ್ತಿರ ಹೋದರೆ ಅವರೂ ಬೀಳುತ್ತಾರೆ. ಅಮೆರಿಕ, ಕೆನಡಾದಲ್ಲಿ 911ಕ್ಕೆ ಕರೆ ಮಾಡಿ, ಹಗ್ಗವನ್ನೋ ಉದ್ದನೆಯ ಕೋಲನ್ನೋ ಚಾಚಬೇಕು.

ಹೊರಬಂದವರ ಒದ್ದೆ ಬಟ್ಟೆ ತೆಗೆದು ಒಣ ಕಂಬಳಿ ಸುತ್ತಿ, ಕೈಕಾಲು ತಿಕ್ಕಬೇಡಿ. ಒಂದು ಗುಟುಕು ಬ್ರಾಂದಿ ಕೊಟ್ಟರೆ ಮೈ ಬೆಚ್ಚಗಾಗುತ್ತದೆ ಎಂಬ ಫಾರ್ವರ್ಡ್ ಕೂಡ ಇದೆ. ಅದು ತಪ್ಪು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬಿಸಿ ಅನಿಸುತ್ತದೆ ಅಷ್ಟೇ, ಒಳಗಿನ ಶಾಖ ಇನ್ನೂ ಬೇಗ ಹೊರಗೆ ಹೋಗುತ್ತದೆ. ಎಚ್ಚರವಿದ್ದು ನುಂಗಲು ಬಂದರೆ ಬೆಚ್ಚಗಿನ ಸಿಹಿ ನೀರು ಕೊಡಬಹುದು.